ಅಘನಾಶಿನಿಯ ದಡದಲ್ಲಿ

ಮಾಘಮಾಸದ ಉಳವಿ ಜಾತ್ರೆಯನ್ನು ಮುಗಿಸಿಕೊಂಡು ಘಟ್ಟವಿಳಿದಾಗ, ಹದಿನೈದು ದಿನಗಳ ಕಾಲ ಕರಾವಳಿಯಲ್ಲಿ ನಿಧಾನವಾಗಿ ಸಂಚರಿಸಬೇಕೆಂಬ ಸಂಕಲ್ಪ ನಮ್ಮಲ್ಲಿತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವಾಹನವೇರಿ ಹೋದರೆ ಕಾರವಾರದಿಂದ ಹೊನ್ನಾವರವನ್ನು ಅರ್ಧ ದಿನದೊಳಗೆ ತಲುಪಬಹುದು. ಆದರೆ ಹಾಗೆ ಹೋದವರಿಗೆ ಕಡಲು ಕಾಣುವುದು ಅಲ್ಲೊಂದು ಇಲ್ಲೊಂದು ಕ್ಷಣ ಮಾತ್ರ. ಆದುದರಿಂದ ಕುಮಟೆಯಲ್ಲಿ ಒಂದು ಹಳೆಯ ಸೈಕಲ್ಲನ್ನು ಬಾಡಿಗೆಗೆ ಪಡೆದೆವು. ಅರವತ್ತು ದಾಟಿದವರಿಗೆ ಇದೇಕೆಂದು ಅಂಗಡಿಯವನು ವಿನಯದಿಂದಲೇ ಕೇಳಿದನು. ಮಠದ ಪಾಠಶಾಲೆಯಲ್ಲಿದ್ದಾಗ ಜೋಳಿಗೆ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದ ಕಾಲುಗಳಿವು ಎಂದೆವು. ಏರು ಬಂದಲ್ಲಿ ಇಳಿದು ತಳ್ಳುವುದಕ್ಕೆ ನಮಗೆ ಸಂಕೋಚವೇನೂ ಇಲ್ಲ.

ಕುಮಟೆಯಿಂದ ಬಾಡ, ಕಾಗಾಲ ಗ್ರಾಮಗಳ ಮೇಲೆ ಹಾದು ಅಘನಾಶಿನಿ ಎಂಬ ಊರನ್ನು ಸೇರಿದೆವು. ಶಿರಸಿಯ ಕಡೆಯಲ್ಲಿ ಹುಟ್ಟುವ ಇದೇ ಹೆಸರಿನ ಹೊಳೆ, ದೊಡ್ಡ ಅಣೆಕಟ್ಟಿನ ತಡೆಯೊಂದೂ ಇಲ್ಲದೆ ಹರಿದುಬಂದು ಇಲ್ಲಿ ಸಮುದ್ರವನ್ನು ಕೂಡುತ್ತದೆ. ಆಚೆಯ ದಡದಲ್ಲಿ ತದಡಿ. ಸೈಕಲ್ಲನ್ನೂ ದೋಣಿಗೇರಿಸಿಕೊಂಡು ದಾಟಿದೆವು. ಆಗ ಇಳಿತದ ವೇಳೆ. ನದೀಮುಖದ ಕೆಸರುದಿಬ್ಬಗಳಲ್ಲಿ ನೂರಾರು ಜನ, ಹೆಚ್ಚಿನವರು ಹೆಂಗಸರು, ಸೊಂಟಮಟ್ಟದ ನೀರಿನಲ್ಲಿ ನಿಂತು ಚಿಪ್ಪಿನ ಜೀವಿಗಳನ್ನು ಆಯುತ್ತಿದ್ದರು. ಅದು ನಮ್ಮ ಆಹಾರವಲ್ಲ. ಆದರೂ ಉಬ್ಬರ ಬರುವುದರೊಳಗೆ ದಿನದ ಗಳಿಕೆಯನ್ನು ಬುಟ್ಟಿ ತುಂಬಿಕೊಳ್ಳಬೇಕಾದ ಆ ದುಡಿಮೆಯನ್ನು ಕಂಡು ಮುಖ ತಿರುಗಿಸುವುದು ನಮ್ಮಿಂದಾಗಲಿಲ್ಲ. ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆಯೊಂದು ಹಿಂದೆ ಇದ್ದು, ಜನರ ವಿರೋಧದಿಂದ ನಿಂತುಹೋಯಿತು. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು.

ತದಡಿಯಿಂದ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿದ್ದವು. 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ನೆನಪಾಯಿತು. ಗೋಕರ್ಣದಲ್ಲಿ ಸೈಕಲ್ಲನ್ನಿರಿಸಿ, ಕುಡ್ಲೆಯಿಂದ ಓಂ ಕಡಲತೀರಕ್ಕೂ ಅಲ್ಲಿಂದ ಮುಂದಿನ ಸಣ್ಣ ತೀರಗಳಿಗೂ ಗುಡ್ಡದ ಕಾಲುದಾರಿಯಲ್ಲಿ ನಡೆದೆವು. ಬಲಕ್ಕೆ ಕಡಲು, ಕಾಲಡಿಯಲ್ಲಿ ಕೆಂಪು ಜಂಬಿಟ್ಟಿಗೆಯ ಕಲ್ಲು. ದೃಶ್ಯ ರಮಣೀಯವೆಂಬುದರಲ್ಲಿ ಸಂಶಯವಿಲ್ಲ. ಅದನ್ನು ವರ್ಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮನಸ್ಸನ್ನು ಹಿಡಿದುದು ಹಿಂತಿರುಗುವಾಗ ಮಿರ್ಜಾನದ ಆಸುಪಾಸಿನಲ್ಲಿ ಕಂಡ ಗಜನಿ ಭೂಮಿ.

ಗಜನಿಯೆಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ನೆಲ. ಅದಕ್ಕೆ ಮಣ್ಣಿನ ಒಡ್ಡು ಕಟ್ಟಿ, ನೀರನ್ನು ಬಿಡಲೂ ತಡೆಯಲೂ ಹಲಗೆಯ ಬಾಗಿಲಿಟ್ಟು, ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು, ಗೊಬ್ಬರವನ್ನು ಬೇಡುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರನ್ನು ಬಿಟ್ಟು ಮೀನು ಹಿಡಿಯುತ್ತಾರೆ. ಬಯಲುಸೀಮೆಯವರಾದ ನಮಗೆ, ಉಪ್ಪನ್ನು ನೆಲದ ಶತ್ರುವೆಂದೇ ತಿಳಿದವರಿಗೆ, ಇದು ಹೊಸ ಪಾಠ.

ಒಡ್ಡಿನ ಮೇಲೆ ಮಣ್ಣು ಹಾಕುತ್ತಿದ್ದ ವೃದ್ಧರೊಬ್ಬರು ನಮ್ಮನ್ನು ಕಂಡು ಗುದ್ದಲಿಯನ್ನು ಬದಿಗಿಟ್ಟರು. “ಒಡ್ಡು ಒಬ್ಬನದಲ್ಲ ಸ್ವಾಮಿ. ಒಬ್ಬ ತನ್ನ ಪಾಲಿನದನ್ನು ಬಿಟ್ಟರೆ ಎಲ್ಲರ ಗದ್ದೆಗೂ ಉಪ್ಪುನೀರು” ಎಂದರು. ಸಿಗಡಿ ಸಾಕಣೆಯ ಲಾಭ ಬಂದ ಕಾಲದಲ್ಲಿ ಎಷ್ಟೋ ಗಜನಿಗಳು ಕೊಳಗಳಾದವು. ರೋಗ ಬಿದ್ದು ಸಿಗಡಿ ನಷ್ಟವಾದಾಗ ಕೊಳಗಳೂ ಪಾಳುಬಿದ್ದವು, ಒಡ್ಡನ್ನು ಕಾಯುವವರೂ ಉಳಿಯಲಿಲ್ಲ. ಅವರ ಮಕ್ಕಳಿಬ್ಬರೂ ಗೋವೆಯಲ್ಲಿ ಕೆಲಸದಲ್ಲಿದ್ದಾರೆಂದು ಹೇಳಿದರು. ಆ ಮಾತಿನಲ್ಲಿ ದೂರೇನೂ ಇರಲಿಲ್ಲ. ತಾನಿರುವವರೆಗೆ ಈ ಒಡ್ಡಿದೆ, ಮುಂದಿನದು ಬೀಜಕ್ಕೇ ಗೊತ್ತು ಎಂದಷ್ಟೇ ಅಂದರು. ಬಿತ್ತುವವರಿಲ್ಲದ ತಳಿ ಒಂದೆರಡು ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕೋಟೆಯನ್ನಾದರೆ ದುರಸ್ತಿ ಮಾಡಬಹುದು. ಮಿರ್ಜಾನದ ಕೋಟೆಯನ್ನು ನೋಡಲು ಅಷ್ಟು ದೂರ ಬರುವವರಲ್ಲಿ ಹತ್ತು ಜನರಾದರೂ ಈ ಗದ್ದೆಯತ್ತ ಸೈಕಲ್ಲನ್ನು ತಿರುಗಿಸಿದರೆ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಅವರ ಮನೆಯಿಂದ ಎರಡು ಸೇರು ಕಗ್ಗದ ಕೆಂಪಕ್ಕಿಯನ್ನು ಕೊಂಡುತಂದೆವು. ಗಂಜಿಗೆ ಸಾಮಾನ್ಯ ಅಕ್ಕಿಗಿಂತ ಹೆಚ್ಚು ಹೊತ್ತು ಬೇಯಬೇಕು.