ನಾಲ್ಕು ಮನೆಯ ಕೋಷ್ಟಕ

ರಸಾಯನಶಾಸ್ತ್ರಜ್ಞನು ಒಂದೇ ದ್ರವವನ್ನು ಎರಡು ಗಾಜಿನ ಪಾತ್ರೆಗಳಿಗೆ ಸುರಿದು, ಒಂದನ್ನು ಕಾಯಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟು, ಫಲವೇನೆಂದು ನೋಡಬಲ್ಲನು. ಸಮಾಜವನ್ನು ಅಂಕಿಗಳ ಮೂಲಕ ಅರಿಯಹೊರಟವನಿಗೆ ಆ ಭಾಗ್ಯವಿಲ್ಲ. ಜನರು ತಾವಾಗಿ ಬದುಕಿದುದನ್ನು ಕಂಡು, ಎಣಿಸಿ, ವಿಂಗಡಿಸಿ, ಕಾರ್ಯಕಾರಣಗಳನ್ನು ಊಹಿಸಬೇಕಾದ ಈ ಪರಾಧೀನ ವಿದ್ಯೆಯ ಮೇಲೆ ನನಗಿರುವ ವ್ಯಾಮೋಹವು ನಿವೃತ್ತಿಯ ತರುವಾಯ ಇನ್ನಷ್ಟು ಬಲಿತಿದೆಯೆಂದು ಮನೆಯವರ ದೂರು.

ಬನಶಂಕರಿಯ ನಿವಾಸಿಯು ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಮಂಗಳವಾರ, ಶುಕ್ರವಾರಗಳ ರಾಹುಕಾಲದಲ್ಲಿ ಅಮ್ಮನವರ ಗುಡಿಯಲ್ಲಿ ನಿಂಬೆಯ ಹೋಳನ್ನು ಹಿಂಡಿ, ಸಿಪ್ಪೆಯ ಒಳಮೈ ಹೊರಗಾಗುವಂತೆ ಮಗುಚಿ ಬಟ್ಟಲು ಮಾಡಿ, ಎಣ್ಣೆ ಬತ್ತಿಯಿಟ್ಟು ದೀಪ ಹಚ್ಚುವ ಹೆಣ್ಣುಮಕ್ಕಳಲ್ಲಿ ಕೆಲವರ ಹರಕೆ ವಿವಾಹದ್ದು. “ಹಚ್ಚಿದವರಿಗೆಲ್ಲ ಲಗ್ನವಾಗಿದೆ ಸ್ವಾಮಿ, ನಾನೇ ಕಂಡಿದ್ದೀನಿ” ಎಂದು ಹೂವಿನಾಕೆ ಹೇಳಿದೊಡನೆ ನನ್ನ ಬೆರಳು ಜೇಬಿನ ಪೆನ್ಸಿಲನ್ನು ಅರಸುತ್ತದೆ. ಚೌಕಳಿ ಕಾಗದದ ಮೇಲೆ ನಾಲ್ಕು ಮನೆ: ಹಚ್ಚಿ ಮದುವೆಯಾದವರು, ಹಚ್ಚಿಯೂ ಆಗದವರು, ಹಚ್ಚದೆಯೂ ಆದವರು, ಹಚ್ಚದೆ ಆಗದವರು. ಆಕೆ ಕಂಡದ್ದು ಮೊದಲನೆಯ ಮನೆಯನ್ನು ಮಾತ್ರ. ಹರಕೆ ಈಡೇರಿದವರು ಗಂಡನೊಡನೆ ಮರಳಿ ಬಂದು ಸೀರೆಯೊಪ್ಪಿಸಿ ಹೋಗುತ್ತಾರೆ, ಈಡೇರದವರು ಇನ್ನೊಂದು ಗುಡಿಯ ದಾರಿ ಹಿಡಿದಿರುತ್ತಾರೆ.

ನಾಲ್ಕೂ ಮನೆ ತುಂಬಿತೆನ್ನಿ; ಆಗಲೂ ತೀರ್ಪು ಕೊಡಲಾಗದು. ಬಂದ ಸಂಬಂಧಗಳೆಲ್ಲ ತಪ್ಪಿಹೋದವಳಲ್ಲವೆ ರಾಹುಕಾಲವನ್ನು ಹುಡುಕಿಕೊಂಡು ಬರುವುದು? ಆಕೆಯನ್ನು ಇನ್ನೂ ಕಾಲೇಜಿಗೆ ಹೋಗುತ್ತಿರುವ ನಿಶ್ಚಿಂತೆಯ ಹುಡುಗಿಗೆ ಹೋಲಿಸಿದರೆ ಅಮ್ಮನಿಗೇ ಅನ್ಯಾಯ. ಹಾಗೆಯೇ, ಮಗಳನ್ನು ವಾರವಾರವೂ ಗುಡಿಗೆ ಕರೆತರುವ ತಂದೆತಾಯಿ ಜಾತಕ ಹಿಡಿದು ಅಲೆಯುವುದರಲ್ಲಿಯೂ ಹಿಂದೆ ಬೀಳುವವರಲ್ಲ. ಫಲವು ದೀಪದ್ದೋ ಅಲೆದಾಟದ್ದೋ? ಆದುದರಿಂದ ಕೋಷ್ಟಕವನ್ನು ವಯಸ್ಸಿನಂತೆ ಒಡೆದು, ಪುನಃ ಮನೆತನದ ಸ್ಥಿತಿಯಂತೆ ಒಡೆದು, ಸಮಾನರನ್ನು ಸಮಾನರೊಡನೆ ಕೂರಿಸಬೇಕು. ಒಡೆಯುತ್ತ ಹೋದಂತೆ ಮನೆಗಳು ಬರಿದಾಗುವ ಸಂಕಟಕ್ಕೆ ರೋಸೆನ್‌ಬಾಮ್ ಮತ್ತು ರೂಬಿನ್ ಎಂಬಿಬ್ಬರು 1983ರಲ್ಲಿ ತೋರಿಸಿದ ಉಪಾಯ ಬಹು ರಮಣೀಯವಾದುದು: ಒಬ್ಬೊಬ್ಬಳೂ ದೀಪ ಹಚ್ಚುವ ಸಂಭವನೀಯತೆಯನ್ನು ಮೊದಲು ಗಣಿಸಿ, ಆ ಒಂದೇ ಸಂಖ್ಯೆಯಲ್ಲಿ ಸರಿಸಮನಾದ ಹಚ್ಚಿದವಳನ್ನೂ ಹಚ್ಚದವಳನ್ನೂ ಜೊತೆಮಾಡಿ ನೋಡುವುದು. ನಾವು ಅಳೆಯದೆ ಬಿಟ್ಟ ಗುಣಗಳಿಗೆ ಅದರಲ್ಲಿಯೂ ಮದ್ದಿಲ್ಲವೆಂಬುದು ಬೇರೆ ಮಾತು.

ನಾವು ಮಾಡಲಾಗದ ಪ್ರಯೋಗವನ್ನು ಒಮ್ಮೊಮ್ಮೆ ಕಾಲುವೆಯೇ ನಡೆಸಿಕೊಡುವುದುಂಟು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು 1954ರಿಂದ 56ರವರೆಗೆ ಮಂಡ್ಯದ ಬಳಿ ಅಧ್ಯಯನ ಮಾಡಿ, ವಾಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಿಂದ ಕರೆದ ಎರಡು ಹಳ್ಳಿಗಳಲ್ಲಿ ಒಂದಕ್ಕೆ ನಾಲೆಯ ನೀರು ಹರಿದಿತ್ತು, ಇನ್ನೊಂದು ನೀರೇರದ ಎತ್ತರದಲ್ಲಿತ್ತು. ಕಬ್ಬು ಬೆಳೆದು ಸಿರಿವಂತವಾದ ವಾಂಗಲದಲ್ಲಿ ಹಳೆಯ ಕಟ್ಟುಪಾಡು ಉಳಿದುಕೊಂಡಿತು. ನೀರು ಕಾಣದ ದಲೇನದವರು ಉದ್ಯೋಗ ವ್ಯಾಪಾರಗಳಿಗಾಗಿ ಹೊರಬಿದ್ದುದರಿಂದ ಅಲ್ಲಿಯೇ ಸಮಾಜವು ಹೆಚ್ಚು ಬದಲಾಯಿತು. ಎರಡೇ ಊರುಗಳ ಸಾಕ್ಷ್ಯ ಸಾಲದೆಂದು ಮೂಗುಮುರಿಯುವವರೊಡನೆ ನನಗೆ ಜಗಳವಿಲ್ಲ. ಆದರೆ ಊರು ಎರಡಾದರೂ ಒಳಗಿನ ಸಂಸಾರಗಳು ಅನೇಕವಷ್ಟೆ. ದಲೇನದಿಂದ ಹೊರಗೆ ದುಡಿಯಹೋದವರು ಹೋದುದರಿಂದ ಬದಲಾದರೋ, ಮೊದಲೇ ಕಟ್ಟು ಸಡಿಲವಾಗಿದ್ದವರೇ ಹೊರಟರೋ ಎಂಬುದನ್ನು ಸಂಸಾರ ಸಂಸಾರವಾಗಿ ಎಣಿಸಿ ನೋಡಬೇಕೆಂಬುದು ನನ್ನ ಬಹುಕಾಲದ ಚಪಲ.