ಸೈಟಿಗೆ ದುಡ್ಡು ಹಾಕೋ ಮುಂಚೆ ಅಜ್ಜನ ಪಹಣಿ ತೆಗೆಸಿ



ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆಗಿರೋ ನಮ್ಮ ಹುಡುಗ ಹುಡುಗಿಯರು ಈಗ ಕೇಳೋದು ಒಂದೇ: "ಅಣ್ಣಾ, ಸ್ವಲ್ಪ ದುಡ್ಡಿದೆ, ಸೈಟಿಗೆ ಹಾಕಲಾ?" 2023ರ ಫೆಬ್ರವರಿ 27ರಂದು ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು, ಅದೇ ದಿನ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೆ ಅಡಿಗಲ್ಲು ಬಿತ್ತು. ಅವತ್ತಿಂದ ಶಿರಾಳಕೊಪ್ಪ, ಸೊರಬ, ಆನವಟ್ಟಿ ಎಲ್ಲಿ ಟೀ ಕುಡಿಯೋಕೆ ನಿಂತರೂ ಗುಂಟೆ ರೇಟಿನದೇ ಮಾತು.

ಹಾಕಬೇಡಿ ಅಂತ ನಾನು ಹೇಳಲ್ಲ. ತಲೆತಲಾಂತರದಿಂದ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿದವರ ಮೊಮ್ಮಕ್ಕಳು ಆಸ್ತಿ ಮಾಡೋದು, ಲಾಭ ನೋಡೋದು ತಪ್ಪಲ್ಲ. ಆದರೆ ಕಾಗದ ಓದದೆ ಮುಂಗಡ ಕೊಡಬೇಡಿ. ಗುಮಾಸ್ತನಾಗಿ ದಿನಾ ಕಾಗದದ ಜೊತೆಗೇ ಬದುಕೋನು ನಾನು, ಅದಕ್ಕೇ ಹೇಳ್ತಿದ್ದೀನಿ.

1. ಪೂರ್ತಿ ಲೆಕ್ಕ ಹಾಕಿ. ಸ್ಟಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2%. ಅಂದರೆ 10 ಲಕ್ಷದ ಸೈಟಿಗೆ ಸುಮಾರು 76 ಸಾವಿರ ಬೇರೆ ಬೇಕು. ಖಾಲಿ ಸೈಟು ಬಾಡಿಗೆ ಕೊಡಲ್ಲ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತೆ. ಮನೇಲಿ ಯಾರಾದ್ರೂ ಆಸ್ಪತ್ರೆ ಸೇರಿದ ದಿನ ಸೈಟು ಮಾರಿ ದುಡ್ಡು ತರೋಕಾಗಲ್ಲ. ಸಾಲ ಮಾಡಿ ಹಾಕಬೇಡಿ.

2. ಕೃಷಿ ಜಮೀನಿಗೆ ಕಲ್ಲು ನೆಟ್ಟ ಮಾತ್ರಕ್ಕೆ ಸೈಟು ಆಗಲ್ಲ. ಡಿಸಿಯವರ ಭೂಪರಿವರ್ತನೆ ಆದೇಶ, ಲೇಔಟ್ ನಕ್ಷೆಗೆ ಅನುಮೋದನೆ, ಪಂಚಾಯ್ತಿ ವ್ಯಾಪ್ತಿ ಆದ್ರೆ ನಮೂನೆ 9 ಮತ್ತು 11ಎ ಕೇಳಿ. ಇವಿಲ್ಲದ ರೆವಿನ್ಯೂ ಸೈಟು ಅಗ್ಗಕ್ಕೆ ಸಿಗೋದು ಸುಮ್ಮನೆ ಅಲ್ಲ.

3. ಅಗ್ರಿಮೆಂಟ್, ಜಿಪಿಎ ಕೈಗೆ ಬಂದರೆ ಜಾಗ ನಿಮ್ಮದಾಗಲ್ಲ. ಜಿಪಿಎ ಮೇಲಿನ ಮಾರಾಟದಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ರಿಜಿಸ್ಟರ್ ಆದ ಕ್ರಯಪತ್ರವೇ ಬೇಕು.

4. ಜಮೀನಿನ ಮೂಲ ನೋಡಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅವರಿಗೆ ಹೇಗೆ ಬಂತು, 11ರಲ್ಲಿ ಋಣ ಮತ್ತು ಇತರೆ ಹಕ್ಕು ಇರುತ್ತೆ. ಋಣಭಾರ ಪತ್ರದ ಜೊತೆ ಹಳೇ ಕೈಬರಹದ ಪಹಣಿ, ಮ್ಯುಟೇಶನ್‌ಗಳನ್ನೂ ತೆಗೆಸಿ.

ಈ ನಾಲ್ಕನೇದು ನಮ್ಮ ಮನೆ ವಿಷಯ. ಲೇಔಟ್ ಆಗ್ತಿರೋ ಜಮೀನಿನ ಹಳೇ ಕಾಗದ ಬಿಡಿಸ್ತಾ ಹೋದ್ರೆ ಕೆಲವು ಕಡೆ ಸಿಗೋದು ಪರಿಶಿಷ್ಟರಿಗೆ ಮಂಜೂರಾದ ಗ್ರಾಂಟ್ ಜಮೀನು. ಯಾವುದೋ ಮದುವೆ ಸಾಲಕ್ಕೆ ಅಜ್ಜ ಹೆಬ್ಬೆಟ್ಟು ಒತ್ತಿರ್ತಾನೆ, ಅಲ್ಲಿಂದ ಮೂರು ಕೈ ದಾಟಿರುತ್ತೆ. ಅಜ್ಜ ಎಕರೆ ಲೆಕ್ಕದಲ್ಲಿ ಕಳಕೊಂಡಿದ್ದನ್ನ ಮೊಮ್ಮಗ ಚದರ ಅಡಿ ಲೆಕ್ಕದಲ್ಲಿ ಕೊಳ್ಳೋದಕ್ಕೆ ಹೂಡಿಕೆ ಅಂತಾರಾ?

ಇದಕ್ಕೇ ಇರೋದು 1978ರ ಪಿಟಿಸಿಎಲ್ ಕಾಯ್ದೆ. ಮಂಜೂರಾತಿ ಷರತ್ತು ಮೀರಿ ಮಾರಿದ್ದರೆ ಆ ಮಾರಾಟ ಅಸಿಂಧು. 1979ರ ಜನವರಿ 1ರಿಂದ ಈಚೆಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದೂ ಅಸಿಂಧು. ಈ ಕಾಯ್ದೆ ಪ್ರಕಾರ ಮಾರಾಟದ ಅಗ್ರಿಮೆಂಟೂ ಪರಭಾರೆಯೇ, ಲೀಸೂ ಪರಭಾರೆಯೇ. "ಬರೀ ಅಗ್ರಿಮೆಂಟು, ಸೈನ್ ಹಾಕಿ" ಅನ್ನೋರ ಮಾತಿಗೆ ಮರುಳಾಗಬೇಡಿ. (ತೋಟಿ, ತಳವಾರಿಕೆ ಇನಾಂ ಜಮೀನು ಈ ಕಾಯ್ದೆಯಲ್ಲಿ ಬರಲ್ಲ, ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಇದೆ.)

ತಾಳಗುಂದ, ಬಳ್ಳಿಗಾವೆ ಕಡೆ ಶಾಸನಗಳಲ್ಲಿ ದೇವಸ್ಥಾನ, ಮಠ, ಅಗ್ರಹಾರಗಳಿಗೆ ಕೊಟ್ಟ ಭೂಮಿ ಕಿತ್ತುಕೊಂಡವರಿಗೆ ಶಾಪ ಹಾಕಿದ್ದಾರೆ. ನಮಗೆ ಸಿಕ್ಕ ತುಂಡು ಭೂಮಿಗೆ ಅಂಥ ಕಲ್ಲಿಲ್ಲ, ಈ ಕಾಯ್ದೆಯೊಂದೇ ಕಾವಲು.

2017ರಲ್ಲಿ ಸುಪ್ರೀಂ ಕೋರ್ಟ್, ವಿಪರೀತ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದ ಮೇಲೆ ಎಷ್ಟೋ ಕೇಸು ಬಿದ್ದುಹೋದವು. ಹೋರಾಟ ಆಯ್ತು, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆದ್ರೂ ಕೋರ್ಟಲ್ಲಿ ತಡದ ಪ್ರಶ್ನೆ ಮತ್ತೆ ಮತ್ತೆ ಏಳ್ತಿದೆ. ಹಾಗಾಗಿ ಕಾಯಬೇಡಿ. ನಮ್ಮ ಎರಡೂ ತಾಲೂಕಿನವರು ಸಾಗರದ ಎಸಿಯವರಿಗೆ ಅರ್ಜಿ ಕೊಡಬೇಕು, ಅಲ್ಲಿ ಆಗದಿದ್ರೆ ಡಿಸಿಯವರಿಗೆ ಮೇಲ್ಮನವಿ.

ಕೊಳ್ಳೋರಿಗೂ ಇದು ಅನ್ವಯ. ಗ್ರಾಂಟ್ ಜಮೀನಿನ ಸೈಟು ಕೊಂಡರೆ ಜಾಗವೂ ಹೋಗಬಹುದು, ದುಡ್ಡೂ ಹೋಗಬಹುದು. ಮಾರಿದವನು ಆಗ ಫೋನ್ ಎತ್ತಲ್ಲ.

ಹಾಗಾದ್ರೆ ಮೊದಲ ಹೂಡಿಕೆ ಯಾವುದು? ನನ್ನ ಮಟ್ಟಿಗೆ, ಮನೆಯಲ್ಲಿರೋ ಜಮೀನು ಉಳಿಸಿಕೊಳ್ಳೋದು. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ ಇದ್ರೆ ಪೌತಿ ಖಾತೆ ಮಾಡಿಸಿ. ಅಮ್ಮ, ಅತ್ತೆ, ಅಕ್ಕ ತಂಗಿಯರ ಹೆಸರು ಬಿಡಬೇಡಿ. ಪೋಡಿ ಆಗಿಲ್ಲ ಅಂದ್ರೆ ಅರ್ಜಿ ಹಾಕಿ. ಜಮೀನೇ ಇಲ್ಲದ ಕೂಲಿ ಮಾಡೋ ಅಕ್ಕಂದಿರಿಗೆ ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇದೆ, ಅರ್ಧ ಸಬ್ಸಿಡಿ, ಅರ್ಧ ಸಾಲ.

ಈ ಭಾನುವಾರ ಮನೆಯ ಟ್ರಂಕ್ ತೆಗೆದು ಸಾಗುವಳಿ ಚೀಟಿ ಹುಡುಕಿ. ಸಿಕ್ಕರೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಸಿಗದಿದ್ರೆ ತಾಲೂಕು ಕಚೇರಿಯಲ್ಲಿ ಮಂಜೂರಾತಿ ದಾಖಲೆಯ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಅರ್ಜಿ ಬರೆಯೋಕೆ ಬರದಿದ್ರೆ ನನಗೆ ಹೇಳಿ, ಕೂತು ಬರೆಯೋಣ.

ಜೈ ಭೀಮ್.