ಬಚ್ಚಲ ಬಾಗಿಲು ಯಾವ ಕಡೆಗೆ?

ಅರವತ್ತು ದಾಟಿದವರ ಬೆಳಗಿನ ವಾಕಿಂಗಿನಲ್ಲಿ ಈಚೆಗೆ ಶುಗರು, ಬಿಪಿಗಿಂತ ಹೆಚ್ಚು ಚರ್ಚೆಯಾಗುವುದು ‘ಮುಂದೆ ಎಲ್ಲಿರೋದು?’ ಎಂಬ ವಿಷಯ. ಮಕ್ಕಳು ಸಿಯಾಟಲ್ಲಿನಲ್ಲೋ ಸಿಡ್ನಿಯಲ್ಲೋ ಇರುತ್ತಾರೆ. ಇಲ್ಲಿ ಜಯನಗರದ ಸ್ವಂತ ಮನೆಯ ಮಹಡಿ ಮೆಟ್ಟಿಲು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿರುತ್ತದೆ.

ಬ್ಯಾಂಕಿನಿಂದ ನಿವೃತ್ತರಾದ ನನ್ನ ಸ್ನೇಹಿತರು ದೇವನಹಳ್ಳಿ ಕಡೆಯ ‘ಸೀನಿಯರ್ ಲಿವಿಂಗ್’ ಒಂದರ ಬ್ರೋಷರ್ ತಂದಿದ್ದರು. ಅದರಲ್ಲಿರುವ ಮುದುಕರಿಗೆ ಯಾರಿಗೂ ಮಂಡಿನೋವಿಲ್ಲ. ಎಲ್ಲರೂ ಚೆಸ್ ಆಡುತ್ತ ನಗುತ್ತಾರೆ. ಚೆಸ್ ಆಡುವವರು ನಗುವುದನ್ನು ನಾನಂತೂ ಕಂಡಿಲ್ಲ.

ಗಂಡ ಹೆಂಡತಿ ನೋಡಲು ಹೋದರು, ಜೊತೆಗೆ ನಾನೂ. ಮಾರ್ಕೆಟಿಂಗ್ ಹುಡುಗ ಈಜುಕೊಳ ತೋರಿಸುತ್ತಿದ್ದರೆ ಆಕೆ ನೇರ ಬಚ್ಚಲಿಗೆ ನುಗ್ಗಿದರು. ‘ಬಾಗಿಲು ಒಳಕ್ಕೆ ತೆರೆಯುತ್ತಲ್ಲಪ್ಪ! ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದಿದ್ದರೆ ಹೊರಗಿನವರು ಬರೋದು ಹೇಗೆ?’ ಹುಡುಗ ಗೋಡೆಯ ಕೆಂಪು ದಾರ ತೋರಿಸಿದ. ಎಳೆದರೆ ಗಂಟೆ ಬಾರಿಸುತ್ತದಂತೆ. ದಾರ ಸೊಂಟದೆತ್ತರಕ್ಕೇ ನಿಂತಿತ್ತು. ‘ನೆಲದಲ್ಲಿ ಬಿದ್ದವರಿಗೆ ಇದು ಎಟುಕುತ್ತದಾ? ಎಟುಕಿತು ಅನ್ನು, ರಾತ್ರಿ ಎರಡು ಗಂಟೆಗೆ ಬರೋರು ನರ್ಸೋ, ವಾಚ್‌ಮನ್ನೋ?’ ಹುಡುಗ ಮತ್ತೆ ಈಜುಕೊಳಕ್ಕೆ ಹೊರಟ.

ಊಟದ್ದು ಇನ್ನೊಂದು ಪುರಾಣ. ಎಲ್ಲರಿಗೂ ಒಂದೇ ಅಡುಗೆಮನೆ ಎಂದ ಮೇಲೆ ಹುಳಿಗೆ ಬೆಲ್ಲ ಬೇಕೆನ್ನುವ ಉಡುಪಿಯವರು, ರೊಟ್ಟಿಯಿಲ್ಲದೆ ಊಟವೇ ಅಲ್ಲವೆನ್ನುವ ಧಾರವಾಡದವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಎಲ್ಲರೂ ಸೇರಿ ಊಟದ ಕಮಿಟಿಯಾಗಲೇಬೇಕು. ಇಂಥ ಬಡಾವಣೆಗಳಿಗೆ ಹೆಸರಾದ ಕೊಯಮತ್ತೂರಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಬೇರೆಯದೇ ತಕರಾರು: ಅಲ್ಲಿನ ಸಾಂಬಾರು.

ನನಗೆ ಮುಖ್ಯವೆನಿಸುವುದು ಕರಾರುಪತ್ರ. ‘ಇಂಡಿಪೆಂಡೆಂಟ್ ಲಿವಿಂಗ್’ ಎನ್ನುವುದು ಕೈಕಾಲು ಗಟ್ಟಿ ಇರುವವರ ವ್ಯವಸ್ಥೆ. ಮರೆವು ಶುರುವಾದರೆ, ಹಾಸಿಗೆ ಹಿಡಿದರೆ? ಕೆಲವು ಕಡೆ ಬೇರೆ ಬ್ಲಾಕಿಗೆ ಕಳಿಸಿ ತಿಂಗಳ ಖರ್ಚು ಏರಿಸುತ್ತಾರೆ. ಕೆಲವು ಕಡೆ ‘ಕರೆದುಕೊಂಡು ಹೋಗಿ’ ಎಂದು ಮಕ್ಕಳಿಗೆ ಫೋನು. ನಾವು ಹೋದ ಮೇಲೆ ಮಕ್ಕಳು ಅಲ್ಲಿರಬಹುದೇ, ಮಾರಿದರೆ ವಯಸ್ಸಾದವರಿಗೇ ಮಾರಬೇಕೇ, ಡಿಪಾಸಿಟ್ಟಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಇವೆಲ್ಲ ಕೊನೆಯ ಪುಟಗಳ ಸಣ್ಣ ಅಕ್ಷರದಲ್ಲಿರುತ್ತವೆ. ನಿವೃತ್ತರ ಮನೆಗಳಿಗೆಂದೇ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ ನಿಜ. ಆದರೆ ಮಾದರಿ ಮಾದರಿಯೇ. ಸಹಿ ಹಾಕಿದ ಕಾಗದವೇ ಕೊನೆಗೆ ಮಾತಾಡುವುದು.

ಮಗನ ಹೆಸರಿಗೆ ಮನೆ ಬರೆದುಕೊಟ್ಟು ಅವನ ಜೊತೆಗಿರುವುದೇ ಮೇಲು ಎನ್ನುವವರೂ ಇದ್ದಾರೆ. ಇರಲಿ. ಆದರೆ ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿಬಿಡಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ಆ ಷರತ್ತು ಮುರಿದರೆ ನ್ಯಾಯಮಂಡಳಿ ಪತ್ರವನ್ನೇ ಅನೂರ್ಜಿತ ಎನ್ನಬಹುದು. ಅಂಥ ಷರತ್ತು ಇದ್ದೇ ಇರಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮಗನ ಮುಂದೆ ಷರತ್ತು ಎನ್ನಲು ಸಂಕೋಚವೇ? ಆ ಸಂಕೋಚ ವಕೀಲರಿಗಿರುವುದಿಲ್ಲ, ಅವರಿಂದಲೇ ಹೇಳಿಸಿ.

ನನ್ನ ಸ್ನೇಹಿತರ ಮನೆಯಲ್ಲಿ ತೀರ್ಮಾನ ಕೊಟ್ಟವರು ಆಕೆಯೇ. ‘ಮೊದಲು ಒಂದು ತಿಂಗಳು ಬಾಡಿಗೆಗೆ ಇದ್ದು ನೋಡೋಣ ರೀ. ಮನೆ ಮಾರೋ ಮಾತು ಆಮೇಲೆ.’ ಯಜಮಾನರು ಒಪ್ಪಿದ್ದಾರೆ, ಕಾಫಿಪುಡಿ ಮತ್ತು ಫಿಲ್ಟರು ತಮ್ಮದೇ ಎಂಬ ಷರತ್ತಿನ ಮೇಲೆ.